ಅರ್ಧ ಓಣಿಯ ಒಪ್ಪಂದ

ನನ್ನ ಗಂಡ ಆಲ್ರಿಕ್‌ಗೆ ‘ಆಗುವುದಿಲ್ಲ’ ಎಂಬ ಮಾತು ಬಾಯಿಗೆ ಬರುವುದಿಲ್ಲ. ಅದು ಗುಣವೋ ರೋಗವೋ ಎಂದು ನಲವತ್ತೊಂದು ವರ್ಷ ಸಂಸಾರ ಮಾಡಿದ ಮೇಲೂ ನಾನು ತೀರ್ಮಾನಿಸಿಲ್ಲ. ಯಾರು ಏನು ಕೇಳಿದರೂ ಅವನ ಉತ್ತರ ಒಂದೇ: “ನಂಗೆ ಬಿಡಿ.”

ಟ್ರೂಲ್ಸ್‌ಬಿಯ ಚರ್ಚನ್ನು ನೋಡಿಕೊಳ್ಳುವ ಕೆಲಸ ಅವನದು. ಗಂಟೆ ಹೊಡೆಯಬೇಕು, ಮೇಣದಬತ್ತಿ ಹಚ್ಚಬೇಕು, ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಎತ್ತಬೇಕು, ಯಾರಾದರೂ ತೀರಿಕೊಂಡರೆ ಗುಂಡಿ ತೋಡಿಸಬೇಕು. ನೆಲ ಒರೆಸುವುದು ಮತ್ತು ಭಾನುವಾರ ಆರಾಧನೆ ಮುಗಿದ ಮೇಲೆ ಕಾಫಿ, ಏಲಕ್ಕಿ ಬನ್ನು ಹಂಚುವುದು ನನ್ನ ಪಾಲಿಗೆ ಬಂದಿದೆ. ಇಂಥ ಉದ್ಯೋಗದಲ್ಲಿ ‘ಆಗುವುದಿಲ್ಲ’ ಎನ್ನುವ ಪ್ರಸಂಗ ಹೆಚ್ಚು ಬರುವುದಿಲ್ಲ. ಸತ್ತವರು ಏನನ್ನೂ ಕೇಳುವುದಿಲ್ಲ, ಬದುಕಿದವರು ಕಾಫಿ ಕೇಳುತ್ತಾರೆ.

ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಹನ್ನೆರಡು ವರ್ಷದ ಹಿಂದೆ ಇಬ್ಬರು ಅಣ್ಣತಮ್ಮಂದಿರು ಅಪ್ಪನ ಸಮಾಧಿಗೆ ಕರೀ ಕಲ್ಲೋ ಕೆಂಪು ಕಲ್ಲೋ ಎಂದು ಜಗಳವಾಡಿ ಮಾತು ಬಿಟ್ಟಿದ್ದರು. ಆಲ್ರಿಕ್ ಅವರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಿದ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಅಣ್ಣನಿಗೆ ಜಗಳವೇ ಬೇಸರವಾಗಿತ್ತು. ಆದರೂ ಅಂದಿನಿಂದ ನನ್ನ ಗಂಡ ತನ್ನನ್ನು ತಾನು ಊರಿನ ಪಂಚಾಯಿತಿದಾರ ಎಂದು ಭಾವಿಸಿಕೊಂಡ. ದೊಡ್ಡಮನೆಯ ಮದುವೆಗೆ ಬಂದ ಗಂಡಾಂತರದ ಬೇರು ಇರುವುದು ಅಲ್ಲಿ.

ದೊಡ್ಡಮನೆ ಎಂದರೆ ತ್ರಾನೆಶೋಲ್ಡ್ ಮನೆತನ. ಊರಿನ ಕಾಡು, ಕೆರೆ, ಅರ್ಧ ಹೊಲ ಅವರದು. ಇಪ್ಪತ್ತೆಂಟು ಕೋಣೆಗಳ ಮನೆಯಲ್ಲಿ ನಾಲ್ಕು ಕೋಣೆ ಸೋರುವುದಿಲ್ಲ. ಯಜಮಾನರು ಹೋಗಿ ಬಹಳ ದಿನವಾಯಿತು. ಈಗ ಆಡಳಿತವೆಲ್ಲ ಬ್ಯಾರನೆಸ್ ಹೆಡ್ವಿಗ್ ಅವರದು. ನಮ್ಮ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಬ್ಯಾರನೆಸ್ ಅವರನ್ನು ಹಾಗೆ ಕರೆಯುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇದೆ, ಧೈರ್ಯ ಮಾತ್ರ ಯಾರಿಗೂ ಇಲ್ಲ.

ಅವರ ಒಬ್ಬನೇ ಮಗ ಮೆಲ್ಕರ್‌ಗೆ ಮೂವತ್ತೇಳು ವರ್ಷ. ಕಾಡು ನೋಡಿಕೊಂಡಿರುವವನು, ಮನುಷ್ಯರಿಗಿಂತ ಮರಗಳ ಜೊತೆ ಹೆಚ್ಚು ಮಾತಾಡುವವನು. ಮೂರು ವರ್ಷದ ಹಿಂದೆ ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಕಂಪನಿಯೊಂದು ದಡದ ಅಳತೆಗೆಂದು ಅಮೆರಿಕದಿಂದ ಒಬ್ಬ ಸರ್ವೆಯರನ್ನು ಕಳಿಸಿತು. ಅವಳೇ ಮಾರ್ಲಾ ಪೊಕೊರ್ನಿ. ಬಂದ ಎರಡನೇ ದಿನ ದೊಡ್ಡಮನೆಯ ಹೊಲದಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಬ್ಯಾರನೆಸ್ ಅವರ ಮುಖಕ್ಕೇ ಹೇಳಿದಳು: “ನಿಮ್ಮ ಬೇಲಿ ನಾಲ್ಕು ಮೀಟರ್ ಪಕ್ಕದವರ ಜಾಗದಲ್ಲಿದೆ.”

ತ್ರಾನೆಶೋಲ್ಡ್ ಮನೆತನಕ್ಕೆ ಒತ್ತುವರಿ ಎಂಬ ಮಾತನ್ನು ಯಾರೂ ಅದುವರೆಗೆ ಹೇಳಿರಲಿಲ್ಲ. ಬ್ಯಾರನೆಸ್ ಒಂದು ವಾರ ಮಾತಾಡಲಿಲ್ಲ. ಆಮೇಲೆ ಬೇಲಿ ಕೀಳಿಸಿ ನಾಲ್ಕು ಮೀಟರ್ ಹಿಂದೆ ನೆಡಿಸಿದರು. ಗುಂಡಿ ತೋಡಿ ಗಿಡ ನೆಟ್ಟವನು ಮೆಲ್ಕರ್. ಹಗ್ಗದ ಇನ್ನೊಂದು ತುದಿ ಹಿಡಿದವಳು ಮಾರ್ಲಾ. ಬೇಲಿ ಮುಗಿಯುವ ಹೊತ್ತಿಗೆ ಮದುವೆ ಮಾತು ಮುಗಿದಿತ್ತು.

ಬ್ಯಾರನೆಸ್ ಅಡ್ಡಿ ಮಾಡಲಿಲ್ಲ. ಅವರು ಅಡ್ಡಿ ಮಾಡಿದ್ದು ಒಂದೇ ವಿಷಯಕ್ಕೆ. ಅದಕ್ಕಾಗಿ ಜೂನ್ ಮೊದಲ ವಾರ ಹಳೇ ಮಳೆಕೋಟು ತೊಟ್ಟು ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು.

“ಆಲ್ರಿಕ್,” ಎಂದರು, ಕುರ್ಚಿಯ ತುದಿಯಲ್ಲಿ ಕೂತು, “ಅವಳಪ್ಪ ಅವಳ ಕೈ ಹಿಡ್ಕೊಂಡು ಬಂದು ನನ್ನ ಮಗನಿಗೆ ಒಪ್ಪಿಸ್ತಾರಂತೆ.”

“ಅವರ ಕಡೆ ಹಾಗೇ ಅಂತೆ,” ಎಂದ ಆಲ್ರಿಕ್.

“ನಮ್ಮ ಕಡೆ ಹಾಗಲ್ಲ. ನಾನು ಈ ಮನೆಗೆ ಬಂದಾಗ ಬಾಗಿಲಿಂದ ಪೀಠದ ತನಕ ಗಂಡನ ಪಕ್ಕ ನಡ್ಕೊಂಡು ಬಂದೆ. ನಮ್ಮತ್ತೆ ಹಾಗೇ ಬಂದ್ರು, ಅವರತ್ತೇನೂ ಹಾಗೇ. ಯಾರೂ ಯಾರನ್ನೂ ತಂದು ಕೊಡ್ಲಿಲ್ಲ. ಹೆಣ್ಣೇನು ಹಸುನಾ?”

“ಅವಳಪ್ಪ ದನದ ಹರಾಜು ಕೂಗೋರಂತಲ್ಲ,” ಎಂದೆ ನಾನು, ಬನ್ನು ಮುಂದಿಡುತ್ತ.

“ಅದಕ್ಕೇ ಹೇಳಿದ್ದು, ಗುನ್ವೋರ್,” ಎಂದು ಬ್ಯಾರನೆಸ್ ಬನ್ನು ತೆಗೆದುಕೊಂಡರು. “ಆಲ್ರಿಕ್, ನೀವು ಚರ್ಚಿನೋರು. ಇದು ನಡೀಬಾರದು.”

ಇಲ್ಲಿ ನನ್ನ ಗಂಡ ‘ಅದು ಪಾದ್ರಿಯವರನ್ನ ಕೇಳಿ’ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಹೇಳಿದ: “ನಂಗೆ ಬಿಡಿ.”

ಪಾದ್ರಿಯವರನ್ನು ಕೇಳಿದ್ದರೆ ಅವರೂ ‘ನಡೆಯಬಾರದು’ ಎಂದೇ ಹೇಳುತ್ತಿದ್ದರು. ನಮ್ಮ ಪಾದ್ರಿ ಟೋರುನ್ ಗಟ್ಟಿ ಹೆಂಗಸು. ಅವರೂ ಬ್ಯಾರನೆಸ್ ಅವರೂ ಇಪ್ಪತ್ತು ವರ್ಷದಲ್ಲಿ ಒಂದು ವಿಷಯಕ್ಕೂ ಒಪ್ಪಿದ್ದಿಲ್ಲ. ಯಾವ ಹಾಡು ಹಾಡಬೇಕು, ಚರ್ಚಿನ ಒಲೆ ಯಾವ ತಿಂಗಳಿಂದ ಹಚ್ಚಬೇಕು, ಸೈತಾನ ಇದ್ದಾನೋ ಇಲ್ಲವೋ, ಎಲ್ಲದಕ್ಕೂ ಜಗಳ. ಇದೊಂದಕ್ಕೆ ಒಪ್ಪಿಬಿಟ್ಟರು. “ಒಬ್ಬ ಗಂಡಸಿಂದ ಇನ್ನೊಬ್ಬ ಗಂಡಸಿಗೆ ಹೆಂಗಸನ್ನ ದಾಟಿಸೋಕೆ ಇದೇನು ಖಾತೆ ಬದಲಾವಣೆನಾ?” ಎಂದು ಟೋರುನ್ ನನ್ನ ಒರೆಸುವ ಬಟ್ಟೆಯ ಮುಂದೆ ನಿಂತು ಕೇಳಿದರು. ನಾನು ಬಟ್ಟೆ ಹಿಂಡಿದೆ.

ಹೊಸ ದೇಶದವರು ಹಳೇ ಪದ್ಧತಿಗೆ ಹಟ ಹಿಡಿದಿದ್ದರು, ಹಳೇ ಮನೆತನದವರು ಹೊಸ ಮಾತು ಆಡುತ್ತಿದ್ದರು. ಲೋಕ ಹೀಗೆ ತಲೆಕೆಳಗಾದಾಗ ಮಧ್ಯಸ್ಥಿಕೆಗೆ ಹೋಗುವವನ ಕಾಲು ಯಾವ ದಿಕ್ಕಿಗಿರುತ್ತದೆ ಎಂದು ನೀವೇ ಯೋಚಿಸಿ.

ಮಾರ್ಲಾ ಚರ್ಚಿಗೆ ಬಂದು ವಿಷಯವನ್ನು ನೇರವಾಗಿ ಹೇಳಿದಳು. ಅವಳು ಯಾವುದನ್ನೂ ಸುತ್ತಿ ಹೇಳುವುದಿಲ್ಲ, ಅವಳ ಉದ್ಯೋಗವೇ ಗೆರೆ ಎಳೆಯುವುದು.

“ಹದಿನೆಂಟು ವರ್ಷದಿಂದ ನನ್ನ ಅನ್ನ ನಾನೇ ದುಡ್ಕೊಂಡು ತಿಂತಿದ್ದೀನಿ. ನನ್ನನ್ನ ಯಾರೂ ಯಾರಿಗೂ ಕೊಡೋದು ಬೇಕಾಗಿಲ್ಲ. ಅದು ನಂಗೂ ಗೊತ್ತು, ಪಾದ್ರಿ ಅವರು ಪಾಠ ಮಾಡ್ಬೇಕಾಗಿಲ್ಲ. ಆದ್ರೆ ಅಪ್ಪ ನಡೀಬೇಕು ಅಂತಾರೆ. ಅಪ್ಪ ನಡೀತಾರೆ.”

“ಬ್ಯಾರನೆಸ್ ಬೇಡ ಅಂತಾರಲ್ಲ,” ಎಂದೆ ನಾನು.

“ಬೇಲೀನೂ ಬೇಡ ಅಂದಿದ್ರು.”

ಮದುವೆಗೆ ಒಂದು ವಾರ ಇದ್ದಾಗ ಅಪ್ಪ ಬಂದರು. ನೆಬ್ರಾಸ್ಕಾದ ದನದ ಹರಾಜುಗಾರ ಎಂದರೆ ಅಗಲ ಟೋಪಿ, ಎತ್ತರದ ಬೂಟು ಇರಬೇಕೆಂದು ಊರೆಲ್ಲ ಕಾಯುತ್ತಿತ್ತು. ಬಸ್ಸಿನಿಂದ ಇಳಿದದ್ದು ಎಪ್ಪತ್ತನಾಲ್ಕು ವರ್ಷದ, ಸಣ್ಣ ಮೈಕಟ್ಟಿನ, ಬೂದು ಕೋಟಿನ ಮನುಷ್ಯ. ಹೆಸರು ವರ್ನ್. ನಾಲ್ಕು ವರ್ಷದ ಹಿಂದೆ ಹೆಂಡತಿ ಹೋಗಿದ್ದಳು, ಒಬ್ಬರೇ ಬಂದಿದ್ದರು. ಬಾಯಿ ತೆರೆದಾಗ ಮಾತ್ರ ಹರಾಜುಗಾರ ಎಂದು ತಿಳಿಯಿತು. ಅವರು ಬಸ್‌ನಿಲ್ದಾಣದಲ್ಲಿ ‘ನಮಸ್ಕಾರ’ ಎಂದದ್ದು ಹಾಲಿನ ಡೇರಿಯಲ್ಲಿ ಕೇಳಿಸಿತು.

ಮಾರನೇ ದಿನವೇ ಚರ್ಚಿಗೆ ಬಂದು, ಬಾಗಿಲಿನಿಂದ ಪೀಠದವರೆಗೆ ಬೆಂಚುಗಳ ನಡುವಿನ ಓಣಿಯಲ್ಲಿ ಎರಡು ಸಲ ನಡೆದು ನೋಡಿದರು.

“ಮೂವತ್ತೊಂದು ಹೆಜ್ಜೆ,” ಎಂದರು ಆಲ್ರಿಕ್‌ಗೆ. “ಐವತ್ತು ವರ್ಷದಲ್ಲಿ ಎಷ್ಟು ಸಾವಿರ ದನ ಕೈ ದಾಟಿಸಿದ್ದೀನೋ ಲೆಕ್ಕ ಇಟ್ಟಿಲ್ಲ. ಒಂದ್ರ ಜೊತೆಗೂ ನಡ್ಕೊಂಡು ಹೋದೋನಲ್ಲ. ಕೂತಲ್ಲೇ ಕೂಗಿದ್ದು, ಸುತ್ತಿಗೆ ಹೊಡೆದಿದ್ದು. ಮಗಳ ಜೊತೆ ನಡೀಬೇಕು. ಅದೊಂದೇ ನಾನು ಕೇಳೋದು. ಇದಕ್ಕೇ ಅಂತ ಷೂ ಪಾಲಿಶ್ ಮಾಡಿಟ್ಟು ಒಂದು ವರ್ಷ ಆಯ್ತು.”

ನಾನು ನೆಲ ಒರೆಸುತ್ತ ಕೇಳಿಸಿಕೊಂಡೆ. ಆಲ್ರಿಕ್‌ನ ಕಣ್ಣು ಒದ್ದೆಯಾಗಿತ್ತು. ಕಣ್ಣು ಒದ್ದೆಯಾದಾಗ ಅವನು ಏನು ಹೇಳುತ್ತಾನೆಂದು ನನಗೆ ಗೊತ್ತು. ಕೆಮ್ಮಿದೆ, ಬಕೆಟ್ಟು ಬೀಳಿಸಿದೆ, ಉಪಯೋಗವಾಗಲಿಲ್ಲ.

“ನಂಗೆ ಬಿಡಿ,” ಎಂದ.

ಮಂಗಳವಾರ ಚರ್ಚಿನ ಸಮಿತಿ ಕೂಡಿತು. ಏಳು ಜನ ಸದಸ್ಯರು, ನಾಲ್ಕು ಬಗೆಯ ಬಿಸ್ಕತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಿಲುವಿನಲ್ಲಿ ಆಲ್ರಿಕ್ ಎದ್ದು ನಿಂತು ತನ್ನ ಸೂತ್ರ ಮಂಡಿಸಿದ: ಅಪ್ಪ ಅರ್ಧ ಓಣಿ ನಡೆಸಿಕೊಂಡು ಬರಲಿ. ಅಲ್ಲಿ ಮೆಲ್ಕರ್ ಕಾಯುತ್ತಿರಲಿ. ಉಳಿದರ್ಧ ಗಂಡ ಹೆಂಡತಿ ಜೊತೆಯಾಗಿ ನಡೆಯಲಿ.

ಟೋರುನ್ ಅರೆಮನಸ್ಸಿನಿಂದ ತಲೆಯಾಡಿಸಿದರು. ಬ್ಯಾರನೆಸ್ ಕಾಫಿ ಮುಗಿಸಿ “ಹೂಂ” ಎಂದರು. ಎಲ್ಲರೂ ಕೈ ಎತ್ತಿದರು. ಆಲ್ರಿಕ್ ಎದೆ ಉಬ್ಬಿಸಿ ಕೂತ. ಆಗ ಸಕ್ಕರೆಗೆಡ್ಡೆ ಬೆಳೆಯುವ ಸದಸ್ಯರೊಬ್ಬರು, ಹೊಲದ ಪಾಲಿನಲ್ಲಿ ಅನುಭವ ಇದ್ದವರು, ಕೇಳಿದರು: “ಅರ್ಧ ಅಂದ್ರೆ ಎಲ್ಲಿಗೆ? ಹೊರಬಾಗಿಲಿಂದ ಅಳೀಬೇಕಾ, ಒಳಬಾಗಿಲಿಂದ ಅಳೀಬೇಕಾ?”

ಮದುಮಗಳು ಹಿಂದಿನ ಬೆಂಚಿನಿಂದ ಎದ್ದು ನಿಂತಳು.

“ನಾನು ಅಳೀತೀನಿ,” ಎಂದಳು.

ನಮ್ಮ ಚರ್ಚು ಎಂಟುನೂರು ವರ್ಷದ್ದು. ಅದರೊಳಗೆ ಮೂರು ಕಾಲಿನ ಯಂತ್ರ ನಿಂತದ್ದು ಅಂದೇ ಮೊದಲು. ಮಾರ್ಲಾ ಕಣ್ಣು ಮುಚ್ಚಿ, ಕಣ್ಣು ಬಿಟ್ಟು, ಪುಸ್ತಕದಲ್ಲಿ ಬರೆದುಕೊಂಡಳು. ಇಪ್ಪತ್ತಮೂರು ಮೀಟರ್ ನಲವತ್ತು ಸೆಂಟಿಮೀಟರ್. ಅದರರ್ಧ ಹನ್ನೊಂದು ಎಪ್ಪತ್ತು. ಆ ಜಾಗಕ್ಕೆ ಹೋಗಿ ನಿಂತು ಕೆಳಗೆ ನೋಡಿದಳು. ಎಲ್ಲರೂ ನೋಡಿದೆವು.

ಅಲ್ಲಿ ನೆಲದಲ್ಲಿ ಅಡ್ಮಿರಲ್ ಯೋರಾನ್ ತ್ರಾನೆಶೋಲ್ಡ್ ಅವರ ಸಮಾಧಿಗಲ್ಲು ಇದೆ. ಮುನ್ನೂರು ವರ್ಷದಿಂದ ಕಲ್ಲಿನಲ್ಲಿ ಕೆತ್ತಿದ ಕತ್ತಿ ಹಿಡಿದು ಮಲಗಿದ್ದಾರೆ. ಸಮುದ್ರಕ್ಕೆ ಹೋದಾಗಲೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದರೆಂದು ಹೇಳುತ್ತಾರೆ, ಆದರೂ ಅಡ್ಮಿರಲ್. ದೊಡ್ಡಮನೆಯವರು ಯಾರೂ ಆ ಕಲ್ಲು ತುಳಿಯುವುದಿಲ್ಲ. ಚರ್ಚಿಗೆ ಬಂದಾಗ ಅಲ್ಲಿ ಸ್ವಲ್ಪ ಸೊಟ್ಟ ಹೋಗಿ ಮತ್ತೆ ನೇರವಾಗುತ್ತಾರೆ. ಹನ್ನೊಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ಎಂಬುದು ಅಡ್ಮಿರಲ್ ಅವರ ಹೊಟ್ಟೆಯ ನಡುಮಧ್ಯಕ್ಕೆ ಬಂದಿತ್ತು.

“ಆಗಲ್ಲ,” ಎಂದರು ಬ್ಯಾರನೆಸ್. “ನಮ್ಮ ಹಿರೀಕರ ಹೊಟ್ಟೆ ಮೇಲೆ ನಿಂತು ಕೊಡೋದು ತಗೊಳ್ಳೋದು ಬೇಡ.”

“ಇಷ್ಟು ಸರಿಯಾಗಿ ಮಧ್ಯಕ್ಕೆ ಯಾಕೆ ಹೂತ್ರು ಇವರನ್ನ?” ಎಂದಳು ಮಾರ್ಲಾ.

“ಅವರೇ ಬರೆದಿಟ್ಟಿದ್ರಂತೆ,” ಎಂದ ಮೆಲ್ಕರ್. ಆ ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. “ಎಲ್ಲರೂ ನೋಡ್ಕೊಂಡು ಹೋಗ್ಲಿ ಅಂತ.”

ಹಾಗಾದರೆ ಗುರುತನ್ನು ಸರಿಸಬೇಕು. ಬಾಗಿಲ ಕಡೆಗೋ, ಪೀಠದ ಕಡೆಗೋ? ಬ್ಯಾರನೆಸ್ ಬಾಗಿಲ ಕಡೆಗೆ ಎಂದರು, ಅಪ್ಪನ ನಡಿಗೆ ಅಷ್ಟು ಕಡಿಮೆಯಾಗಲಿ ಎಂದು. ಮಗಳ ಜೊತೆ ಬಂದಿದ್ದ ವರ್ನ್ ಪೀಠದ ಕಡೆಗೆ ಎಂದರು. ಟೋರುನ್ ಕಲ್ಲಿನ ಅಂಚಿಗೆ ಸರಿಯಾಗಿ ನಿಲ್ಲಲಿ, ಒಂದು ಬೆರಳೂ ಆಚೀಚೆ ಬೇಡ ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಈ ಹೊತ್ತಿನಲ್ಲಿ ನನ್ನ ಗಂಡ ಗಂಟಲು ಸರಿ ಮಾಡಿಕೊಂಡ. ನಾನು ಕಣ್ಣು ಮುಚ್ಚಿಕೊಂಡೆ.

“ನಂಗೆ ಬಿಡಿ,” ಎಂದ. ಎಲ್ಲರೂ ಬಿಟ್ಟರು.

ಮೂರೇ ದಿನದಲ್ಲಿ ಊರು ಎರಡಾಯಿತು. ಅಂಗಡಿಯಲ್ಲಿ ಬೆಣ್ಣೆ ತೆಗೆದುಕೊಳ್ಳುವಾಗ ಪಕ್ಕದ ಮನೆಯ ಇಂಗಾಮಾಯ್ ನನ್ನ ತೋಳು ಹಿಡಿದಳು.

“ಗುನ್ವೋರ್, ನೀವು ಬಾಗಿಲ ಕಡೆಯೋರಾ, ಪೀಠದ ಕಡೆಯೋರಾ?”

“ನಾನು ಕಾಫಿ ಕಡೆಯೋಳು.”

“ಹಾಗೆಲ್ಲ ತಪ್ಪಿಸ್ಕೋಬೇಡಿ. ನಮ್ಮನೇಲಿ ನನ್ನ ಗಂಡ ಪೀಠ, ನಾನು ಬಾಗಿಲು. ನಿನ್ನೆಯಿಂದ ಆಲೂಗಡ್ಡೆ ಬೇರೆ ಬೇರೆ ಪಾತ್ರೇಲಿ ಬೇಯ್ತಿದೆ.”

ಶುಕ್ರವಾರ, ಮದುವೆಯ ಹಿಂದಿನ ದಿನ, ಓಣಿ ಒರೆಸಲು ಹೋದೆ. ಬಾಗಿಲ ಹತ್ತಿರ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಕಲ್ಲುತೊಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಮೇಣದ ಒಂದು ಬಿಳೀ ಬೊಟ್ಟು. ಬತ್ತಿ ತೊಟ್ಟಿಕ್ಕಿರಬೇಕೆಂದುಕೊಂಡೆ. ಅಡ್ಮಿರಲ್ ಅವರ ಪಾದದ ಹತ್ತಿರ, ಕಲ್ಲಿನ ಅಂಚಿಗೆ, ಇನ್ನೊಂದು ಬೊಟ್ಟು. ಮುಂದಿನಿಂದ ಮೂರನೇ ಬೆಂಚಿನ ಹತ್ತಿರ ಮತ್ತೊಂದು. ಮೂರೂ ದುಂಡಗೆ, ಕುಂಕುಮವಿಟ್ಟಷ್ಟು ಅಚ್ಚುಕಟ್ಟಾಗಿದ್ದವು. ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಬಂದೆ. ಆಲ್ರಿಕ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

“ಓಣೀಲಿ ಮೂರು ಕಡೆ ಮೇಣ ಬಿದ್ದಿದೆ.”

“ಬಿದ್ದಿಲ್ಲ. ನಾನೇ ಹಾಕಿದ್ದು. ಗುರುತಿಗೆ.”

“ಅರ್ಧಕ್ಕೆ ಮೂರು ಗುರುತಾ?”

“ಬಾಗಿಲ ಹತ್ರದ್ದು ಬ್ಯಾರನೆಸ್ ಹೇಳಿದ ಅರ್ಧ. ಮೂರನೇ ಬೆಂಚಿಂದು ವರ್ನ್ ಹೇಳಿದ ಅರ್ಧ. ಮಧ್ಯದ್ದು ಪಾದ್ರಿ ಅವರದ್ದು.”

“ಒಂದಕ್ಕೆ ಎರಡೇ ಅರ್ಧ ಇರೋದು, ಆಲ್ರಿಕ್.”

“ಬೇರೆ ಬೇರೆಯಾಗಿ ಬಂದು ಕೇಳಿದ್ರು. ಬೇರೆ ಬೇರೆಯಾಗಿ ಆಯ್ತು ಅಂದೆ,” ಎಂದು ಬೆಣ್ಣೆಯನ್ನು ಬ್ರೆಡ್ಡಿನ ಮೂಲೆಗೆ ಮುಟ್ಟಿಸಿದ. “ಎಲ್ಲರಿಗೂ ಸಮಾಧಾನ ಆಗಿದೆ.”

“ನಾಳೆ ಮೆಲ್ಕರ್ ಎಲ್ಲಿ ನಿಲ್ತಾನೆ?”

“ಅವನಮ್ಮ ಹೇಳಿದ ಕಡೆ. ತೊಟ್ಟಿ ಪಕ್ಕ.”

“ವರ್ನ್ ಎಲ್ಲಿ ತನಕ ನಡೀತಾರೆ?”

“ಮೂರನೇ ಬೆಂಚಿನ ತನಕ. ಇಪ್ಪತ್ತಾರು ಹೆಜ್ಜೆ. ನಾನೇ ಎಣಿಸಿ ಕೊಟ್ಟಿದ್ದೀನಿ.”

“ಅಂದ್ರೆ ಮದುಮಗ ಬಾಗಿಲಲ್ಲಿ ನಿಂತಿರ್ತಾನೆ. ಮದುಮಗಳು ಅವನನ್ನ ದಾಟ್ಕೊಂಡು ಮುಂದೆ ಹೋಗ್ತಾಳೆ. ಮೂರನೇ ಬೆಂಚಿನ ಹತ್ರ ಹೋಗಿ ಅವಳಪ್ಪ ಅವಳನ್ನ ಯಾರಿಗೆ ಒಪ್ಪಿಸ್ತಾರೆ? ಇಂಗಾಮಾಯ್ ಗಂಡನಿಗಾ?”

ಆಲ್ರಿಕ್ ಚಾಕು ಕೆಳಗಿಟ್ಟ. ಅಷ್ಟು ದೂರ ಅವನು ಯೋಚಿಸಿರಲಿಲ್ಲ.

ನಾನು ಅವನ ಕೋಟು ತಂದುಕೊಟ್ಟೆ. ದೊಡ್ಡಮನೆಗೆ ಹೋಗಿ ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ ನಿಜ ಹೇಳಿ ಬಾ ಎಂದೆ. ಅವನು ಸೈಕಲ್ ಹತ್ತಿದ. ಅವನ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ನಮ್ಮ ಮದುವೆಯ ದಿನ ಬಿಟ್ಟರೆ ನೋಡಿರಲಿಲ್ಲ. ಒಂದೂವರೆ ಗಂಟೆಯ ಮೇಲೆ ಬಂದ.

“ಹೇಳಿದ್ಯಾ?”

“ಹೇಳೋಕೆ ಹೋದೆ. ವರ್ನ್ ಆ ಷೂ ಹಾಕ್ಕೊಂಡು ಹಜಾರದಲ್ಲಿ ಇಪ್ಪತ್ತಾರು ಹೆಜ್ಜೆ ಅಭ್ಯಾಸ ಮಾಡ್ತಿದ್ರು. ಹೋಗ್ತಾ ಇಪ್ಪತ್ತಾರು, ಬರ್ತಾ ಇಪ್ಪತ್ತಾರು. ಹೇಗೆ ಹೇಳ್ಲಿ?”

“ಬ್ಯಾರನೆಸ್?”

“ಕಾಫಿ ಕೊಟ್ರು.”

“ಮತ್ತೆ ಇಷ್ಟೊತ್ತು?”

ಕೋಟು ಬಿಚ್ಚುತ್ತ ಹೇಳಿದ: “ದಾರೀಲಿ ಆರ್ಗನ್ ನುಡಿಸೋನು ಸಿಕ್ಕಿದ. ಬರೋವಾಗಿನ ರಾಗ ಯಾವಾಗ ನಿಲ್ಲಿಸಿ ಹಾಡು ಶುರು ಮಾಡ್ಲಿ ಅಂತ ಕೇಳ್ದ. ಅರ್ಧಕ್ಕೆ ಬಂದಾಗ ನಾನು ಕರವಸ್ತ್ರ ತೋರಿಸ್ತೀನಿ ಅಂದೆ.”

“ಯಾವ ಅರ್ಧಕ್ಕೆ?”

ನಾನು ನಾಳೆಯ ಬನ್ನಿಗೆ ಹಿಟ್ಟು ನಾದಲು ಹೋದೆ. ಏನೇ ಆದರೂ ಜನ ಕಾಫಿ ಕುಡಿದ ಮೇಲೆಯೇ ಹೋಗುವುದು.

ಶನಿವಾರ ಎರಡು ಗಂಟೆ. ಚರ್ಚು ತುಂಬಿತ್ತು. ಎಡಗಡೆ ದೊಡ್ಡಮನೆಯ ನೆಂಟರು, ಹಳೇ ಕೋಟು, ಅದಕ್ಕಿಂತ ಹಳೇ ಮೂಗು. ಬಲಗಡೆ ಊರಿನವರು. ಮದುಮಗಳ ಕಡೆಯಿಂದ ಬಂದವರು ವರ್ನ್ ಒಬ್ಬರೇ ಆದ್ದರಿಂದ ಪೀಠದ ಕಡೆಯವರೆಲ್ಲ ಅವಳ ಬಳಗವೆಂದು ಹೇಳಿಕೊಂಡು ಮುಂದೆ ಕೂತಿದ್ದರು. ಬ್ಯಾರನೆಸ್ ಮೊದಲ ಬೆಂಚಿನಲ್ಲಿ ಓಣಿಯ ಪಕ್ಕದ ಜಾಗದಲ್ಲಿದ್ದರು. ನಾನು ಕಟ್ಟಕಡೆಯ ಬೆಂಚಿನಲ್ಲಿ, ತೊಟ್ಟಿಯ ಹತ್ತಿರವೇ. ಮೆಲ್ಕರ್ ಬಸ್ಸಿಗೆ ಕಾಯುವವನಂತೆ ಮೊದಲನೇ ಬೊಟ್ಟಿನ ಮೇಲೆ ನಿಂತಿದ್ದ.

ಆಲ್ರಿಕ್ ಬಾಗಿಲು ತೆರೆದ. ಆರ್ಗನ್ ಮೊಳಗಿತು. ಜನ ಎದ್ದು ನಿಂತರು. ಮಾರ್ಲಾ ಅಪ್ಪನ ತೋಳು ಹಿಡಿದು ಒಳಗೆ ಬಂದಳು. ವರ್ನ್ ಗಲ್ಲ ಮೇಲೆತ್ತಿ ಒಂದು, ಎರಡು, ಮೂರು ಎಂದು ಎಣಿಸುತ್ತ ಹೆಜ್ಜೆ ಹಾಕಿದರು. ನಾಲ್ಕನೆಯ ಹೆಜ್ಜೆ ಅಳಿಯನ ಹೊಟ್ಟೆಗೆ ತಾಗಿತು.

“ನೀನಿಲ್ಲೇನು ಮಾಡ್ತಿದ್ದೀಯ?” ಎಂದರು ವರ್ನ್. ಪಿಸುಗುಟ್ಟಿದ್ದು ಎಂದು ಅವರ ಭಾವನೆ. ಪೀಠದ ಮುಂದೆ ನಿಂತಿದ್ದ ಟೋರುನ್ ಕತ್ತೆತ್ತಿ ನೋಡಿದರು.

“ಇಲ್ಲೇ ನಿಂತ್ಕೋ ಅಂದ್ರು,” ಎಂದ ಮೆಲ್ಕರ್.

“ಯಾರು?”

ಮೆಲ್ಕರ್ ಆಲ್ರಿಕ್ ಕಡೆ ನೋಡಿದ. ಮಾರ್ಲಾ ಯಾರ ಕಡೆಗೂ ನೋಡಲಿಲ್ಲ, ನೆಲ ನೋಡಿದಳು. ಸರ್ವೆಯರ್ ಕಣ್ಣು. ಒಂದನೇ ಬೊಟ್ಟು, ಎರಡನೇ ಬೊಟ್ಟು, ದೂರದಲ್ಲಿ ಮೂರನೇ ಬೊಟ್ಟು.

“ಆಲ್ರಿಕ್,” ಎಂದಳು, “ಎಷ್ಟು ಅರ್ಧ ಮಾಡಿದ್ದೀರಿ?”

“ಮೂರು,” ಎಂದ ನನ್ನ ಗಂಡ. ಕೇಳಿದ್ದಕ್ಕೆ ಸುಳ್ಳು ಹೇಳುವ ಜಾತಿಯಲ್ಲ ಅವನು. ಹಣೆಯಿಂದ ಬೆವರು ಇಳಿಯುತ್ತಿತ್ತು. ಜೇಬಿಗೆ ಕೈ ಹಾಕಿ, ಕರವಸ್ತ್ರ ತೆಗೆದು ಒರೆಸಿಕೊಂಡ.

ಮೇಲಿನ ಅಟ್ಟದಲ್ಲಿ ಆರ್ಗನ್ ನುಡಿಸುವವನು ಕನ್ನಡಿಯಲ್ಲಿ ಕರವಸ್ತ್ರ ನೋಡಿದ. ರಾಗ ಅಲ್ಲಿಗೇ ಕಡಿದು ಮದುವೆಯ ಹಾಡು ಶುರು ಮಾಡಿದ. ನಮ್ಮ ಜನರಿಗೆ ಹಾಡು ಶುರುವಾದರೆ ಹಾಡುವುದಷ್ಟೇ ಗೊತ್ತು. ಇನ್ನೂರು ಜನ ಪುಸ್ತಕ ತೆರೆದು, ಮದುಮಗಳಿಗೆ ಬೆನ್ನು ಹಾಕಿ, ಪಾದ್ರಿ ಒಬ್ಬರೇ ನಿಂತಿದ್ದ ಪೀಠದ ಕಡೆ ಮುಖ ಮಾಡಿ ದಂಪತಿಗಳಿಗೆ ಶುಭ ಹಾರೈಸಿ ಹಾಡತೊಡಗಿದರು. ದಂಪತಿಗಳು ಬಾಗಿಲಲ್ಲೇ ಇದ್ದರು.

“ಮಾರ್ಲಾ,” ಎಂದರು ವರ್ನ್, “ನಂಗೆ ಇಪ್ಪತ್ತಾರು ಹೆಜ್ಜೆ ಅಂತ ಮಾತು ಕೊಟ್ಟಿದ್ದಾರೆ. ಇಲ್ಲಿಗೆ ನಾಲ್ಕಾಯ್ತು. ಉಳಿದಿದ್ದನ್ನ ಬಿಡೋನಲ್ಲ ನಾನು.”

“ಬಿಡಬೇಡಪ್ಪ.”

“ಇವನನ್ನ ಏನು ಮಾಡೋದು?”

ಮಾರ್ಲಾ ಮೆಲ್ಕರ್‌ನನ್ನು ಒಮ್ಮೆ ನೋಡಿದಳು. “ಇಲ್ಲೇ ಬಿಟ್ಟು ಹೋಗೋಕಾಗುತ್ತಾ? ಕರ್ಕೊಂಡು ಹೋಗೋಣ.”

ವರ್ನ್ ತಮ್ಮ ಇನ್ನೊಂದು ತೋಳನ್ನು ಮೆಲ್ಕರ್‌ನ ಮೊಣಕೈಗೆ ಸಿಕ್ಕಿಸಿದರು. ಒಂದು ಕಡೆ ಮಗಳು, ಇನ್ನೊಂದು ಕಡೆ ಅಳಿಯ, ಮಧ್ಯೆ ತಾವು. ಐದು, ಆರು, ಏಳು ಎಂದು ಹೊರಟರು.

ಬ್ಯಾರನೆಸ್ ಹಾಡಿನ ಎರಡನೇ ಚರಣದಲ್ಲಿ ತಿರುಗಿ ನೋಡಿದರು. ಹೆಣ್ಣನ್ನು ಹಿಡಿದು ತಂದು ಕೊಡಬಾರದೆಂದು ಅವರು ಒಂದು ತಿಂಗಳು ಹೋರಾಡಿದ್ದರು. ಈಗ ನೆಬ್ರಾಸ್ಕಾದ ದನದ ಹರಾಜುಗಾರ ತಮ್ಮ ಮಗನನ್ನು ಮೊಣಕೈ ಹಿಡಿದು ತರುತ್ತಿದ್ದ. ಹಾಡಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಬ್ಯಾರನೆಸ್ ಓಣಿಗೆ ಇಳಿದರು.

ಅವರು ನೇರವಾಗಿ ಬಂದರು. ನೇರವಾಗಿ ಎಂದರೆ ನೇರವಾಗಿಯೇ, ಎಲ್ಲೂ ಸೊಟ್ಟವಾಗದೆ. ಅಡ್ಮಿರಲ್ ಯೋರಾನ್ ಅವರ ತಲೆ, ಕತ್ತಿ, ಹೊಟ್ಟೆ, ಪಾದ ಎಲ್ಲದರ ಮೇಲೂ ಚಪ್ಪಟೆ ಹಿಮ್ಮಡಿಯ ಷೂ ಸದ್ದು ಮಾಡಿತು. ಊರಿನವರ ಹಾಡು ಅರ್ಧ ಸಾಲು ನಿಂತು ಮತ್ತೆ ಮುಂದುವರಿಯಿತು.

ಹದಿಮೂರನೇ ಹೆಜ್ಜೆಗೆ ಅವರು ಎದುರಾದರು. ವರ್ನ್ ನಿಂತರು.

“ನಿಮ್ಮ ಕಡೆಯಿಂದ ತರೋದಾದ್ರೆ ನಮ್ಮ ಕಡೆಯಿಂದ್ಲೂ ತರ್ಬೇಕು,” ಎಂದು ಬ್ಯಾರನೆಸ್ ಮಗನ ಇನ್ನೊಂದು ತೋಳು ಹಿಡಿದುಕೊಂಡು ತಿರುಗಿ ನಿಂತರು. “ನಡೀರಿ. ಹಾಡು ಮುಗೀತಾ ಬಂತು.”

ಓಣಿಯ ಅಗಲ ಎರಡು ಮೀಟರ್. ನಾಲ್ಕು ಜನ ಅಕ್ಕಪಕ್ಕ ಹೋಗುವುದಕ್ಕೆ ಅದನ್ನು ಕಟ್ಟಿಲ್ಲ. ನಮ್ಮ ಬೆಂಚುಗಳಿಗೆ ಓಣಿಯ ಕಡೆ ಪುಟ್ಟ ಬಾಗಿಲುಗಳಿವೆ. ನೋಡುವ ಆತುರಕ್ಕೆ ಜನ ಅವನ್ನೆಲ್ಲ ತೆರೆದುಕೊಂಡು ಕತ್ತು ಚಾಚಿದ್ದರು. ಆಲ್ರಿಕ್ ಮುಂದೆ ಓಡುತ್ತ ಒಂದೊಂದೇ ಬಾಗಿಲು ಮುಚ್ಚುತ್ತ ಹೋದ. ಟಪ್, ಟಪ್, ಟಪ್. “ಕತ್ತು ಒಳಗೆ, ಕತ್ತು ಒಳಗೆ,” ಎಂದು ಬೇಡಿಕೊಳ್ಳುತ್ತಿದ್ದ. ಮದುಮಗಳ ಬಿಳೀ ಉಡುಪು ಬಲಗಡೆ ಬೆಂಚುಗಳನ್ನೂ ಬ್ಯಾರನೆಸ್ ಅವರ ಭುಜ ಎಡಗಡೆ ಬೆಂಚುಗಳನ್ನೂ ಒರೆಸಿಕೊಂಡು ಬಂದವು. ಎರಡನೇ ಬೊಟ್ಟು ದಾಟಿತು. ಯಾರೂ ನಿಲ್ಲಲಿಲ್ಲ. ಮೂರನೇ ಬೊಟ್ಟು ದಾಟಿತು. ಇಪ್ಪತ್ತಾರು ಎಂದು ವರ್ನ್ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಇಪ್ಪತ್ತೇಳು ಎಂದದ್ದೂ ಕೇಳಿಸಿತು. ಪೀಠದ ಕಡೆಯವರಲ್ಲಿ ಒಬ್ಬರು ಚಪ್ಪಾಳೆ ತಟ್ಟಿ, ಹೆಂಡತಿ ನೋಡಿದ್ದಕ್ಕೆ ಕೈ ಕೆಳಗಿಳಿಸಿದರು.

ಮೂವತ್ತೊಂದಕ್ಕೆ ಪೀಠ ಬಂತು. ಹಾಡು ಮುಗಿಯಿತು. ಎಲ್ಲರೂ ಕೂತರು. ಅಪಾಯ ಕಳೆಯಿತೆಂದು ನಾನು ಉಸಿರು ಬಿಟ್ಟೆ. ಕಾಫಿ ಪಾತ್ರೆ ನೋಡಲು ಏಳಬೇಕು ಎನ್ನುವಷ್ಟರಲ್ಲಿ ಮುಂದೆ ಏನೋ ನಿಂತುಹೋಗಿತ್ತು.

ವರ್ನ್ ಹೋಗುತ್ತಿರಲಿಲ್ಲ. ಮದುಮಗ, ಮದುಮಗಳ ಮಧ್ಯೆ ಇಬ್ಬರ ತೋಳನ್ನೂ ಹಿಡಿದು ಟೋರುನ್ ಮುಖವನ್ನೇ ನೋಡುತ್ತ ನಿಂತಿದ್ದರು.

“ಈಗ ಕೂತ್ಕೋಬಹುದು,” ಎಂದರು ಟೋರುನ್, ನಯವಾಗಿ.

ವರ್ನ್ ತಲೆಯಾಡಿಸಿದರು. ಅಲ್ಲಾಡಲಿಲ್ಲ.

“ಕೂತ್ಕೊಳ್ಳಿ,” ಎಂದರು ಟೋರುನ್, ಅಷ್ಟು ನಯವಿಲ್ಲದೆ.

“ಪ್ರಶ್ನೆಗೆ ಕಾಯ್ತಿದ್ದಾರೆ,” ಎಂದಳು ಮಾರ್ಲಾ.

“ಯಾವ ಪ್ರಶ್ನೆ?”

“ನಮ್ಮ ಕಡೆ ಪಾದ್ರಿ ಕೇಳ್ತಾರೆ, ಈ ಹೆಣ್ಣನ್ನ ಯಾರು ಕೊಡ್ತಿದ್ದೀರಿ ಅಂತ. ಅಪ್ಪ ಉತ್ತರ ಹೇಳಿ ಹೋಗಿ ಕೂತ್ಕೋತಾರೆ. ಕೇಳದೆ ಅವರು ಹೋಗಲ್ಲ. ನಂಗೆ ಅವರು ಗೊತ್ತು.”

ಟೋರುನ್ ಪುಸ್ತಕ ಎದೆಗವಚಿಕೊಂಡರು. “ಅಂಥ ಪ್ರಶ್ನೆ ಇದರಲ್ಲಿಲ್ಲ. ಇದ್ರೂ ಕೇಳ್ತಿರ್ಲಿಲ್ಲ. ನಾನು ಪಾದ್ರಿ ಆಗಿದ್ದೇ ಇಂಥವೆಲ್ಲ ಕೇಳಬಾರದು ಅಂತ. ನೀವು ಯಾರ ವಸ್ತುನೂ ಅಲ್ಲ, ಮಾರ್ಲಾ.”

“ಅಲ್ಲ. ಆದ್ರೆ ಅಪ್ಪ ಮಧ್ಯದಲ್ಲಿ ನಿಂತಿದ್ದಾರೆ.”

“ಬಿಷಪ್ ಅವರಿಗೆ ನಾನು ಉತ್ತರ ಹೇಳ್ಬೇಕಾಗುತ್ತೆ.”

“ನಂಗೆ...” ಎಂದು ಪಕ್ಕದಿಂದ ಆಲ್ರಿಕ್ ಬಾಯಿ ತೆರೆದ. ನಾನು ಕಡೆಯ ಬೆಂಚಿನಿಂದ ಕೆಮ್ಮಿದೆ. ಈ ಸಲ ಕೇಳಿಸಿತು, ಬಾಯಿ ಮುಚ್ಚಿದ.

ಎಡಗಡೆಯ ನೆಂಟರೊಬ್ಬರು ಗಡಿಯಾರ ನೋಡಿಕೊಂಡರು. ಟೋರುನ್ ಪುಸ್ತಕ ತೆರೆಯಲಿಲ್ಲ, ವರ್ನ್ ಕೈ ಬಿಡಲಿಲ್ಲ, ಮಾರ್ಲಾ ಅಪ್ಪನಿಗೆ ಹೋಗು ಎನ್ನಲಿಲ್ಲ. ಮೂವರೂ ತಮ್ಮ ತಮ್ಮ ಜಾಗದಲ್ಲಿ ಸರ್ವೆ ಕಲ್ಲು ನೆಟ್ಟಂತೆ ನಿಂತಿದ್ದರು. ಮೆಲ್ಕರ್ ಮಾತ್ರ ಪಕ್ಕದಲ್ಲಿದ್ದ ಅಮ್ಮನ ಮುಖ ನೋಡಿದ.

ಬ್ಯಾರನೆಸ್ ಮಗನ ತೋಳು ಬಿಟ್ಟರು. ಒಂದು ಹೆಜ್ಜೆ ಮುಂದೆ ಬಂದು ವರ್ನ್ ಅವರ ಎದುರಿಗೆ ನಿಂತರು. ಗೋಡೆಗೆ ಒರಗಿಸಿದ ಸೈಕಲ್ಲು ಯಾರದು ಎಂದು ಕೇಳುವ ಧ್ವನಿಯಲ್ಲಿ ಕೇಳಿದರು:

“ಈ ಹುಡುಗೀನ ಯಾರು ಕೊಡ್ತಿರೋದು?”

“ನಾನು,” ಎಂದರು ವರ್ನ್. “ಅವಳಮ್ಮನೂ.”

ಎಷ್ಟು ಮೆಲ್ಲಗೆ ಹೇಳಿದರೆಂದರೆ ಎರಡನೇ ಬೆಂಚಿನವರು ಮೊದಲನೇ ಬೆಂಚಿನವರನ್ನು ಕೇಳಿ ತಿಳಿದುಕೊಂಡರು, ನಮಗೆ ಹಿಂದಿನವರಿಗೆ ಅದು ಬಾಯಿಂದ ಬಾಯಿಗೆ ದಾಟಿ ಬಂತು.

“ಆಯ್ತು,” ಎಂದರು ಬ್ಯಾರನೆಸ್. ಟೋರುನ್ ಕಡೆ ತಿರುಗಿದರು. “ಕೇಳಿದ್ದು ನಾನು. ಬಿಷಪ್ ಅವರು ಏನಾದ್ರೂ ಅಂದ್ರೆ ದೊಡ್ಡಮನೆಗೆ ಬರ್ಲಿ. ನೀವು ಓದಿ.”

ವರ್ನ್ ಮಗಳ ಹಣೆಗೆ ಮುತ್ತಿಟ್ಟು, ಅಳಿಯನ ತೋಳು ಬಿಟ್ಟು, ಕಣ್ಣು ಸರಿಯಾಗಿ ಕಾಣದೆ ಸುತ್ತ ನೋಡಿ, ಹತ್ತಿರ ಸಿಕ್ಕಿದ ಜಾಗದಲ್ಲಿ ಕೂತರು. ಅದು ಮೊದಲ ಬೆಂಚಿನ ಓಣಿ ಪಕ್ಕದ ಜಾಗ. ಬ್ಯಾರನೆಸ್ ಬಂದು ಅವರ ಮುಂದೆ ನಿಂತರು.

“ಅದು ನನ್ನ ಜಾಗ.”

ವರ್ನ್ ತಲೆ ಎತ್ತಲಿಲ್ಲ. ಒಂದು ಗೇಣು ಸರಿದರು. ಬ್ಯಾರನೆಸ್ ಆ ಒಂದು ಗೇಣಿನಲ್ಲಿ ಕೂತರು.